ಆರೋಗ್ಯ ಇಲಾಖೆಯಲ್ಲಿ ವಿದ್ಯಾರ್ಥಿಗಳ ಕ್ಷೇತ್ರಶಿಕ್ಷಣ: ಎಣಿಕೆಗೆ ಸಿಕ್ಕದವರ ಲೆಕ್ಕ

1. ಪ್ರಸ್ತಾವನೆ

ನಮ್ಮ ಸಂಖ್ಯಾಶಾಸ್ತ್ರ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಎಂಟು ವಾರಗಳ ಕಾಲ ಸರ್ಕಾರದ ಆರೋಗ್ಯ ಇಲಾಖೆಯ ಕಛೇರಿಗಳಿಗೆ ಕಳುಹಿಸಿಕೊಡುವ ಪದ್ಧತಿಯನ್ನು ಕುರಿತು ಎರಡು ಪ್ರಶ್ನೆಗಳನ್ನು ನಮ್ಮೆದುರು ಆಗಾಗ್ಗೆ ಇಡಲಾಗುತ್ತದೆ. ರೋಗಿಯ ನಾಡಿಯನ್ನು ನೋಡಲು ಬಾರದವರಿಗೆ ಆರೋಗ್ಯ ಇಲಾಖೆಯಲ್ಲಿ ಏನು ಕೆಲಸ ಎಂಬುದು ಮೊದಲನೆಯದು. ಅಂಕಿ ಅಂಶಗಳೆಲ್ಲ ಗಣಕಯಂತ್ರದಲ್ಲಿಯೇ ದೊರೆಯುತ್ತಿರುವಾಗ ಹಳ್ಳಿಗೂ ಉಪಕೇಂದ್ರಕ್ಕೂ ಅಲೆಯುವ ಅವಶ್ಯಕತೆ ಏನು ಎಂಬುದು ಎರಡನೆಯದು. ಎರಡೂ ಸಾಧುವಾದ ಪ್ರಶ್ನೆಗಳೇ. ಇವುಗಳಿಗೆ ನಮಗೆ ತೋರಿದ ಉತ್ತರವನ್ನು ಈ ಲೇಖನದಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ಈ ಬಗೆಯ ಶಿಕ್ಷಣಕ್ಕೆ ಇಂಟರ್ನ್‌ಷಿಪ್ ಎಂಬ ಹೆಸರು ರೂಢಿಗೆ ಬಂದಿದೆ. ಹಿಂದೆ ನಮ್ಮ ಸರ್ಕಾರಿ ಕಛೇರಿಗಳಲ್ಲಿ ಉಮೇದುವಾರಿ ಎಂಬುದೊಂದಿತ್ತು. ಮುಂದೆ ಎಂದಾದರೂ ನೌಕರಿ ದೊರೆತೀತೆಂಬ ಆಶೆಯಿಂದ ಸಂಬಳವಿಲ್ಲದೆ ಕಾಗದಗಳನ್ನು ನಕಲು ಮಾಡುತ್ತ ಕುಳಿತಿರುವುದೇ ಅದರ ಸ್ವರೂಪವಾಗಿತ್ತು. ಇಂಟರ್ನ್‌ಷಿಪ್ಪು ಇಂತಹ ಉಮೇದುವಾರಿಯಾಗಿ ಇಳಿದುಹೋಗಬಾರದು. ನಾಲ್ಕು ಕಛೇರಿಗಳನ್ನು ನೋಡಿಬಂದು ಪ್ರಮಾಣಪತ್ರ ಪಡೆಯುವ ಪ್ರವಾಸವೂ ಆಗಬಾರದು. ಹಾಗಾದರೆ ಅದು ಏನಾಗಬೇಕು? ಇಲಾಖೆಯ ಲೆಕ್ಕದಲ್ಲಿ ಯಾರು ಸೇರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂಬುದನ್ನು ಕಾಲ್ನಡಿಗೆಯಿಂದ ಹೋಗಿ ಅರಿತುಕೊಳ್ಳುವ ಅಭ್ಯಾಸವಾಗಬೇಕು ಎಂಬುದು ನಮ್ಮ ಅಭಿಪ್ರಾಯ. ಲೆಕ್ಕದಿಂದ ಬಿಟ್ಟುಹೋದವರು ಅನೇಕ ವೇಳೆ ಔಷಧದಿಂದಲೂ, ಶುದ್ಧ ನೀರಿನಿಂದಲೂ ಬಿಟ್ಟುಹೋಗುವರಾದ್ದರಿಂದ ಇದು ಕೇವಲ ಗಣಿತದ ಸೂಕ್ಷ್ಮವಲ್ಲ.

2. ಈ ಶಿಕ್ಷಣದ ಹಿನ್ನೆಲೆ

ವಿದ್ಯಾರ್ಥಿಯು ಆಸ್ಪತ್ರೆಯ ಗೋಡೆಯನ್ನು ದಾಟಿ ಜನರಿರುವಲ್ಲಿಗೆ ಹೋಗಬೇಕೆಂಬುದು ಹೊಸ ವಿಚಾರವೇನೂ ಅಲ್ಲ. 1930ರ ದಶಕದಲ್ಲಿಯೇ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವನ್ನು ಪಡೆದು ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾಂತರ ಆರೋಗ್ಯ ಘಟಕವೊಂದನ್ನು ನಡೆಸಿತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು 1946ರಲ್ಲಿ ಒಪ್ಪಿಸಿದ ವರದಿಯಲ್ಲಿ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಗೂ ರೋಗ ನಿವಾರಕ ಮತ್ತು ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ಶಿಕ್ಷಣ ದೊರೆಯಬೇಕೆಂದು ಸೂಚಿಸಿತು. 1975ರ ಶ್ರೀವಾಸ್ತವ ಸಮಿತಿಯ ವರದಿಯ ತರುವಾಯ, 1977ರಲ್ಲಿ, ವೈದ್ಯಕೀಯ ಕಾಲೇಜುಗಳನ್ನು ಗ್ರಾಮಾಂತರದ ಆರೋಗ್ಯ ಕೇಂದ್ರಗಳೊಡನೆ ಜೋಡಿಸುವ ಯೋಜನೆಯು ಆರಂಭವಾಯಿತು.

ಹೊರದೇಶಗಳ ಪ್ರಯತ್ನಗಳಲ್ಲಿ ಅಮೆರಿಕದ ಒಂದು ನಿದರ್ಶನ ಪ್ರಸಿದ್ಧವಾದುದು. ಅಲ್ಲಿನ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಎಂಬ ತಜ್ಞರು 1951ರಲ್ಲಿ ತರುಣ ವೈದ್ಯರಿಗಾಗಿ ಎರಡು ವರ್ಷಗಳ ತರಬೇತಿಯೊಂದನ್ನು ಪ್ರಾರಂಭಿಸಿದರು. ರೋಗವು ಎಲ್ಲಿ ಕಾಣಿಸಿಕೊಂಡಿತೋ ಅಲ್ಲಿಗೆ ಹೋಗಿ, ಚಪ್ಪಲಿ ಸವೆಯುವಂತೆ ತಿರುಗಿ, ಮನೆಮನೆಯಲ್ಲಿ ವಿಚಾರಿಸಿ ಕಾರಣವನ್ನು ಹುಡುಕುವುದೇ ಆ ತರಬೇತಿಯ ಜೀವಾಳ. ನಮ್ಮ ದೇಶದಲ್ಲಿ ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು 2001ರಿಂದ ಇಂತಹ ಶಿಕ್ಷಣವನ್ನು ಕೊಡುತ್ತಿದೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ 2012ರಲ್ಲಿ ಅಮೆರಿಕದ ಮಾದರಿಯ ತರಬೇತಿಯು ಆರಂಭಗೊಂಡಿತು.

ಇವೆಲ್ಲ ಬಹುಮಟ್ಟಿಗೆ ವೈದ್ಯರಿಗಾಗಿ ಏರ್ಪಟ್ಟ ದೀರ್ಘಕಾಲದ ಶಿಕ್ಷಣಗಳು. ಸಂಖ್ಯಾಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ವ್ಯಾಸಂಗ ಮಾಡುವ ವಿದ್ಯಾರ್ಥಿಗೆ ದೊರೆಯುವುದು ಕೆಲವು ವಾರಗಳು ಮಾತ್ರ. ಆ ಕೆಲವು ವಾರಗಳಲ್ಲಿ ಅವನು ಎಲ್ಲವನ್ನೂ ಕಲಿಯಲಾರ. ಆದ್ದರಿಂದ ಯಾವುದನ್ನು ಕಲಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಅವಶ್ಯಕ.

3. ಅಂಕಿಯು ಸಾಗಿಬರುವ ದಾರಿ

ವಿದ್ಯಾರ್ಥಿಯು ಮೊಟ್ಟಮೊದಲು ತಿಳಿಯಬೇಕಾದ್ದು, ಪಟ್ಟಿಯಲ್ಲಿ ಅಚ್ಚಾಗಿರುವ ಒಂದು ಅಂಕಿಯು ಎಲ್ಲಿಂದ ಹೊರಟು ಯಾರ ಕೈ ದಾಟಿ ಬಂದಿತೆಂಬುದನ್ನು. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಗುಡ್ಡಗಾಡಿನಲ್ಲಿಯೂ ಬುಡಕಟ್ಟು ಪ್ರದೇಶಗಳಲ್ಲಿಯೂ ಈ ಸಂಖ್ಯೆಗಳು ಅನುಕ್ರಮವಾಗಿ 3,000 ಮತ್ತು 20,000. ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ ಇರುತ್ತಾಳೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದೀಚೆಗೆ ಸುಮಾರು 1,000 ಜನಕ್ಕೆ ಒಬ್ಬಳಂತೆ ಆಶಾ ಕಾರ್ಯಕರ್ತೆಯೂ ಊರಿನಲ್ಲಿಯೇ ಇದ್ದಾಳೆ.

2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯು ರೋಗದ ವರದಿಗೆ ಮೂರು ನಮೂನೆಗಳನ್ನು ಗೊತ್ತುಪಡಿಸಿತು. ಆರೋಗ್ಯ ಸಹಾಯಕಿಯು ಲಕ್ಷಣವನ್ನು ಮಾತ್ರ ನೋಡಿ ಜ್ವರ, ಭೇದಿ, ಕೆಮ್ಮು ಎಂದು ಬರೆಯತಕ್ಕದ್ದು ಎಸ್ ನಮೂನೆ. ವೈದ್ಯರು ಪರೀಕ್ಷಿಸಿ ಇಂತಹ ರೋಗವಿರಬಹುದೆಂದು ಬರೆಯತಕ್ಕದ್ದು ಪಿ ನಮೂನೆ. ಪ್ರಯೋಗಶಾಲೆಯಲ್ಲಿ ನಿಶ್ಚಿತವಾದುದನ್ನು ಬರೆಯತಕ್ಕದ್ದು ಎಲ್ ನಮೂನೆ. ಹಿಂದೆ ವಾರಕ್ಕೊಮ್ಮೆ ಕಾಗದದ ಮೇಲೆ ಸಾಗುತ್ತಿದ್ದ ಈ ವರದಿಗಳು ಈಗ ಗಣಕಯಂತ್ರದ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯ ಮೂಲಕ ಜಿಲ್ಲಾ ಸರ್ವೇಕ್ಷಣಾ ಘಟಕವನ್ನು ತಲಪುತ್ತವೆ.

ಈ ಮೂರು ನಮೂನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಮೇಲೆ ಮೇಲೆ ಹೋದಂತೆ ನಿಶ್ಚಯವು ಹೆಚ್ಚುತ್ತದೆ, ಜನರು ಕಡಮೆಯಾಗುತ್ತಾರೆ. ಜ್ವರ ಬಂದ ನೂರು ಮಂದಿಯಲ್ಲಿ ವೈದ್ಯರ ಬಳಿಗೆ ಹೋಗುವವರು ಕೆಲವರು. ಅವರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವವರು ಇನ್ನೂ ಕೆಲವರು. ಡೆಂಗಿ ಜ್ವರವನ್ನೇ ತೆಗೆದುಕೊಂಡರೆ, ಎನ್‌ಎಸ್1 ಪರೀಕ್ಷೆಯು ಜ್ವರದ ಮೊದಲ ಐದು ದಿನಗಳಲ್ಲಿ ಉಪಯುಕ್ತ. ಐಜಿಎಂ ಪರೀಕ್ಷೆಯು ಅನಂತರದ ದಿನಗಳಲ್ಲಿ ಉಪಯುಕ್ತ. ಕೂಲಿಯನ್ನು ಕಳೆದುಕೊಳ್ಳಲಾರದೆ ಆರನೆಯ ದಿನ ಬಂದವನಿಗೆ ಮೊದಲನೆಯ ಪರೀಕ್ಷೆಯನ್ನು ಮಾತ್ರ ಮಾಡಿದರೆ ಅವನ ಡೆಂಗಿಯು ಲೆಕ್ಕಕ್ಕೆ ಬಾರದೆಯೇ ಹೋಗಬಹುದು. ಒಂದು ತಾಲ್ಲೂಕಿನಲ್ಲಿ ರೋಗಿಗಳ ಸಂಖ್ಯೆ ಇಮ್ಮಡಿಯಾಯಿತೆಂಬ ವರದಿ ಬಂದಾಗ ರೋಗವು ಇಮ್ಮಡಿಯಾಯಿತೋ ಪರೀಕ್ಷೆಯ ಸಾಮಗ್ರಿಯು ಇಮ್ಮಡಿಯಾಯಿತೋ ಎಂದು ಕೇಳುವುದು ಇದೇ ಕಾರಣದಿಂದ. ‘ಎಷ್ಟು ಮಂದಿ?’ ಎಂಬ ಪ್ರಶ್ನೆಯು ‘ಎಷ್ಟು ಮಂದಿಯಲ್ಲಿ?’ ಎಂಬ ಪ್ರಶ್ನೆಯಿಲ್ಲದೆ ಅರ್ಥಕೊಡುವುದಿಲ್ಲ. ಭಿನ್ನರಾಶಿಯಲ್ಲಿ ಅಂಶವನ್ನು ಎಲ್ಲರೂ ನೋಡುತ್ತಾರೆ. ಛೇದವನ್ನು ನೋಡುವ ಅಭ್ಯಾಸವೇ ಸಾರ್ವಜನಿಕ ಆರೋಗ್ಯದ ಅಕ್ಷರಾಭ್ಯಾಸ.

4. ಬೀಗ ಹಾಕಿದ ಮನೆಗಳು

ಇದು ಪಾಠದ ಕೊಠಡಿಯಲ್ಲಿ ಹೇಳಿದರೆ ಸುಲಭವಾಗಿ ಅರ್ಥವಾಗುವ, ಆದರೆ ಕೆಲಸದ ನಡುವೆ ಸುಲಭವಾಗಿ ಮರೆತುಹೋಗುವ ಮಾತು. ನಮ್ಮ ವಿದ್ಯಾರ್ಥಿನಿಯೊಬ್ಬಳ ಅನುಭವದಿಂದ ಇದನ್ನು ಸ್ಪಷ್ಟಪಡಿಸಬಹುದು. ಮುಂಗಾರಿಗೆ ಮೊದಲು ಸಣ್ಣ ಪಟ್ಟಣವೊಂದರಲ್ಲಿ ನಡೆದ ಲಾರ್ವಾ ಸಮೀಕ್ಷೆಯಲ್ಲಿ ಅವಳು ಆರೋಗ್ಯ ಸಹಾಯಕಿಯೊಡನೆ ಮನೆಮನೆಗೆ ಹೋಗಿದ್ದಳು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಸಿಮೆಂಟು ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರು, ಹಿತ್ತಲಿನಲ್ಲಿ ಮಳೆನೀರು ನಿಂತ ಒರಳುಕಲ್ಲು, ಎಳನೀರಿನ ಬುರುಡೆ—ಇವೆಲ್ಲ ಅದಕ್ಕೆ ಸಾಕು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಹಿಡಿಯುವುದರಿಂದಲೇ ವಾರಕ್ಕೊಮ್ಮೆ ತೊಟ್ಟಿಯನ್ನು ತಿಕ್ಕಿ ಒಣಗಿಸಬೇಕೆಂದು ಹೇಳುವುದು.

ಸಂಜೆ ಪಟ್ಟಿಯನ್ನು ತಯಾರಿಸುವಾಗ ಅವಳು ಬೀಗ ಹಾಕಿದ್ದ ಮನೆಗಳ ಎದುರು ಲಾರ್ವಾ ‘ಇಲ್ಲ’ ಎಂದು ಬರೆದುಬಿಟ್ಟಿದ್ದಳು. ಅದನ್ನು ಕಂಡ ಆರೋಗ್ಯ ಸಹಾಯಕಿಯು, “ಬೀಗ ಹಾಕಿದ ಮನೆ ಚೊಕ್ಕಟವಾದ ಮನೆಯಲ್ಲ ಕಣಮ್ಮ, ನಾವು ನೋಡದ ಮನೆ ಅಷ್ಟೆ. ಆ ಸಾಲಿನವರು ಬೆಳಗ್ಗೆ ಏಳಕ್ಕೇ ಕೂಲಿಗೆ ಹೋಗ್ತಾರೆ. ನಲ್ಲಿ ನೀರು ಬಿಡೋದು ಮೂರು ದಿನಕ್ಕೊಂದು ಸಲ. ಇರೋ ಬರೋ ಪಾತ್ರೆಯೆಲ್ಲ ತುಂಬಿಟ್ಟಿರ್ತಾರೆ” ಎಂದಳಂತೆ. “ಹಾಗಾದರೆ ಅವರನ್ನು ಯಾವಾಗ ನೋಡೋದು ಸಿಸ್ಟರ್?” ಎಂದು ವಿದ್ಯಾರ್ಥಿನಿಯು ಕೇಳಿದಾಗ, “ಭಾನುವಾರ ಬರ್ತೀಯಾ?” ಎಂಬ ಪ್ರಶ್ನೆಯೇ ಉತ್ತರವಾಗಿ ಬಂದಿತು. ಅವರಿಬ್ಬರೂ ಭಾನುವಾರ ಹೋದರು.

ಆ ಊರಿನ ನಿಜವಾದ ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ. ವಿಷಯವು ವಿಶದವಾಗುವಂತೆ ನಾವೇ ಕಲ್ಪಿಸಿದ ಒಂದು ಲೆಕ್ಕವನ್ನು ನೋಡೋಣ. ಒಂದು ಬಡಾವಣೆಯಲ್ಲಿ 200 ಮನೆಗಳಿವೆಯೆಂದೂ, 40 ಮನೆಗಳಿಗೆ ಬೀಗ ಹಾಕಿತ್ತೆಂದೂ, ನೋಡಿದ 160 ಮನೆಗಳಲ್ಲಿ 16ರಲ್ಲಿ ಲಾರ್ವಾ ಸಿಕ್ಕಿತೆಂದೂ ಇಟ್ಟುಕೊಳ್ಳೋಣ. ಆ 160 ಮನೆಗಳಲ್ಲಿ ನೀರಿನ ಪಾತ್ರೆಗಳು 640. ಲಾರ್ವಾ ಇದ್ದ ಪಾತ್ರೆಗಳು 20. ಸಮೀಕ್ಷೆಯಲ್ಲಿ ಮೂರು ಸೂಚ್ಯಂಕಗಳು ಬಳಕೆಯಲ್ಲಿವೆ. ನೋಡಿದ ಮನೆಗಳಲ್ಲಿ ಲಾರ್ವಾ ಇದ್ದ ಮನೆಗಳು ನೂರಕ್ಕೆ ಎಷ್ಟೆಂಬುದು ಮನೆ ಸೂಚ್ಯಂಕ: ಇಲ್ಲಿ 10. ನೋಡಿದ ಪಾತ್ರೆಗಳಲ್ಲಿ ನೂರಕ್ಕೆ ಎಷ್ಟೆಂಬುದು ಪಾತ್ರೆ ಸೂಚ್ಯಂಕ: ಇಲ್ಲಿ ಸುಮಾರು 3.1. ನೋಡಿದ ನೂರು ಮನೆಗಳಿಗೆ ಲಾರ್ವಾ ಇರುವ ಪಾತ್ರೆಗಳು ಎಷ್ಟೆಂಬುದು ಬ್ರೆಟೊ ಸೂಚ್ಯಂಕ: ಇಲ್ಲಿ 12.5.

ಬೀಗ ಹಾಕಿದ ಮನೆಗಳನ್ನೂ ‘ಇಲ್ಲ’ ಎಂದು ಬರೆದರೆ ಮನೆ ಸೂಚ್ಯಂಕವು 200ಕ್ಕೆ 16, ಎಂದರೆ 8 ಎಂದಾಗುತ್ತದೆ. ರೋಗವು ಕಡಮೆಯಾಗದಿದ್ದರೂ ಕಾಗದದಲ್ಲಿ ಕಡಮೆಯಾಯಿತು. ಆ ಮನೆಗಳನ್ನು ಲೆಕ್ಕದಿಂದಲೇ ತೆಗೆದುಹಾಕಿ 10 ಎಂದು ಬರೆಯುವುದು ಇದಕ್ಕಿಂತ ಮೇಲು; ಆದರೆ ಅದೂ ಪೂರ್ಣ ಸತ್ಯವಲ್ಲ. ನೋಡದ ಮನೆಗಳು ನೋಡಿದ ಮನೆಗಳಂತೆಯೇ ಇವೆಯೆಂಬ ಊಹೆಯೊಂದು ಅದರಲ್ಲಿ ಅಡಗಿದೆ. ನೋಡದ 40 ಮನೆಗಳಲ್ಲಿ ಒಂದರಲ್ಲಿಯೂ ಲಾರ್ವಾ ಇಲ್ಲದಿದ್ದರೆ ಇಡೀ ಬಡಾವಣೆಯ ಸಂಖ್ಯೆಯು 8. ಎಲ್ಲದರಲ್ಲಿಯೂ ಇದ್ದರೆ 200ಕ್ಕೆ 56, ಎಂದರೆ 28. ಪ್ರಾಮಾಣಿಕವಾಗಿ ಹೇಳಬಹುದಾದ್ದು ಇಷ್ಟೆ: ಸತ್ಯವು 8ಕ್ಕೂ 28ಕ್ಕೂ ನಡುವೆ ಎಲ್ಲಿಯೋ ಇದೆ.

ಭಾನುವಾರ ಮತ್ತೆ ಹೋದಾಗ 40ರಲ್ಲಿ 30 ಮನೆಗಳ ಬಾಗಿಲು ತೆರೆದಿತ್ತೆಂದೂ ಅವುಗಳಲ್ಲಿ 9ರಲ್ಲಿ ಲಾರ್ವಾ ಸಿಕ್ಕಿತೆಂದೂ ಭಾವಿಸೋಣ. ಈ ಮನೆಗಳಲ್ಲಿ ಪ್ರಮಾಣವು ನೂರಕ್ಕೆ 30. ಮೊದಲು ನೋಡಿದ ಮನೆಗಳ ಮೂರರಷ್ಟು. ಈಗ ನೋಡಿದ 190 ಮನೆಗಳಲ್ಲಿ 25ರಲ್ಲಿ ಲಾರ್ವಾ ಇದ್ದು ಸೂಚ್ಯಂಕವು ಸುಮಾರು 13.2 ಆಗುತ್ತದೆ. ಉಳಿದ 10 ಮನೆಗಳ ವಿಷಯ ತಿಳಿಯದಿದ್ದರೂ ಸತ್ಯವು 12.5ಕ್ಕೂ 17.5ಕ್ಕೂ ನಡುವೆ ಇರಲೇಬೇಕು. ಮೊದಲು 20ರಷ್ಟು ಅಗಲವಾಗಿದ್ದ ಸಂದೇಹದ ಅಂತರವು ಒಂದು ಭಾನುವಾರದ ನಡಿಗೆಯಿಂದ 5ಕ್ಕೆ ಇಳಿಯಿತು. ಯಾವ ಗಣಕಯಂತ್ರವೂ ಕಛೇರಿಯಲ್ಲಿ ಕುಳಿತು ಇದನ್ನು ಸಾಧಿಸಿಕೊಡಲಾರದು. ಅದಕ್ಕೂ ಮುಖ್ಯವಾದ ಫಲವೆಂದರೆ, ಔಷಧ ಸಿಂಪಡಿಸುವ ಮೊದಲು ನೀರಿನ ಸರಬರಾಜನ್ನು ಸರಿಪಡಿಸಬೇಕಾದ ಸಾಲು ಯಾವುದೆಂಬುದು ಗೊತ್ತಾಗುವುದು. ಮೂರು ದಿನಕ್ಕೊಮ್ಮೆ ನೀರು ಬರುವ ಮನೆಯವರಿಗೆ ನೀರನ್ನು ಶೇಖರಿಸಬೇಡಿರೆಂದು ಉಪದೇಶ ಮಾಡಿ ಪ್ರಯೋಜನವಿಲ್ಲ.

ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆಗಳ ಉತ್ಪತ್ತಿಗೆ ಅವಕಾಶಕೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನು ತಂದಿತು. ದಂಡವು ನ್ಯಾಯವಾಗಿ ಬೀಳಬೇಕಾದರೂ ಲೆಕ್ಕವು ಸರಿಯಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

5. ತುಮಕೂರು ಜಿಲ್ಲೆಯ ಪಾಠ

ಲೆಕ್ಕಕ್ಕೆ ಸಿಕ್ಕದವರನ್ನು ಹುಡುಕಿಕೊಂಡು ಹೋದುದರಿಂದ ಒಂದು ದೇಶದ ಆರೋಗ್ಯನೀತಿಯೇ ಹೊಸ ದಾರಿಯನ್ನು ಹಿಡಿದುದಕ್ಕೆ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪಿತವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಲ್ಲಿ ಸಲಹೆಗಾರರಾಗಿದ್ದವರಲ್ಲಿ ಮುಂದೆ ಅದೇ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್‌ಡನ್ ಮಾಹ್ಲರ್ ಅವರೂ ಒಬ್ಬರು. ಕ್ಷಯವನ್ನು ಗುಣಪಡಿಸುವ ಔಷಧಗಳು ಆ ವೇಳೆಗೆ ಬಂದಿದ್ದವು. ಆಸ್ಪತ್ರೆಯಲ್ಲಿರಿಸದೆ ಮನೆಯಲ್ಲಿಯೇ ಚಿಕಿತ್ಸೆ ಕೊಡಬಹುದೆಂಬುದನ್ನು ಮದರಾಸಿನ ಸಂಶೋಧನೆಯು ತೋರಿಸಿಕೊಟ್ಟಿತ್ತು. ಉಳಿದಿದ್ದ ಪ್ರಶ್ನೆಯೆಂದರೆ, ಹಳ್ಳಿಗಳಲ್ಲಿ ಹರಡಿಹೋಗಿರುವ ರೋಗಿಗಳನ್ನು ಪತ್ತೆಮಾಡುವುದು ಹೇಗೆ ಎಂಬುದು.

ಹಳ್ಳಿಯ ಜನರು ರೋಗದ ಲಕ್ಷಣಗಳನ್ನು ಗುರುತಿಸಲಾರರು, ಗುರುತಿಸಿದರೂ ಆಸ್ಪತ್ರೆಗೆ ಬರಲಾರರು ಎಂಬ ನಂಬಿಕೆಯು ಅಂದು ಸಾಮಾನ್ಯವಾಗಿತ್ತು. ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಈ ನಂಬಿಕೆಯನ್ನು ಪರೀಕ್ಷಿಸಲು ತುಮಕೂರು ಜಿಲ್ಲೆಯನ್ನು ಆರಿಸಿಕೊಂಡರು. ಸಮೀಕ್ಷೆಯಲ್ಲಿ ಕ್ಷಯವಿದೆಯೆಂದು ಕಂಡುಬಂದವರ ಮನೆಗಳಿಗೇ ಹೋಗಿ, ನಿಮಗೆ ಏನು ತೊಂದರೆಯಿದೆ, ಅದಕ್ಕಾಗಿ ಏನು ಮಾಡಿದಿರಿ ಎಂದು ವಿಚಾರಿಸಲಾಯಿತು. 1963ರಲ್ಲಿ ಪ್ರಕಟವಾದ ಫಲಿತಾಂಶವು ನಂಬಿಕೆಯನ್ನು ತಲೆಕೆಳಗುಮಾಡಿತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವು ಚೆನ್ನಾಗಿತ್ತು. ಸುಮಾರು ಅರ್ಧದಷ್ಟು ಮಂದಿ ಸರ್ಕಾರದ ಆಸ್ಪತ್ರೆಗಳಿಗೂ ಔಷಧಾಲಯಗಳಿಗೂ ಹೋಗಿಯೂ ಇದ್ದರು. ಕಫವನ್ನು ಪರೀಕ್ಷಿಸುವ ಏರ್ಪಾಡು ಅಲ್ಲಿ ಇಲ್ಲದಿದ್ದುದರಿಂದ ಅವರಿಗೆ ಕೆಮ್ಮಿನ ಔಷಧದ ಸೀಸೆಯೊಂದನ್ನು ಕೊಟ್ಟು ಕಳುಹಿಸುವುದೇ ಸಾಮಾನ್ಯವಾಗಿತ್ತು.

ರೋಗಿಯು ಬಾಗಿಲಿಗೆ ಬಂದಿದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ. ಬಾರದಿದ್ದವರನ್ನು ಕರೆತರಬೇಕೆಂದು ಯೋಚಿಸುತ್ತಿದ್ದವರಿಗೆ, ಬಂದವರನ್ನು ಮೊದಲು ಗುರುತಿಸಿರೆಂಬ ಉತ್ತರ ದೊರೆಯಿತು. ಸಂಸ್ಥೆಯು ರೂಪಿಸಿದ ಜಿಲ್ಲಾ ಕ್ಷಯರೋಗ ಕಾರ್ಯಕ್ರಮವು 1962ರಿಂದ ನಮ್ಮ ದೇಶದಲ್ಲಿ ಆಚರಣೆಗೆ ಬಂದಿತು. ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಸೂಕ್ಷ್ಮದರ್ಶಕದಿಂದ ಕಫಪರೀಕ್ಷೆ, ಮನೆಯಲ್ಲಿಯೇ ಚಿಕಿತ್ಸೆ—ಇವು ಅದರ ಆಧಾರಸ್ತಂಭಗಳು. ಬೇರೆ ಬಡದೇಶಗಳಿಗೂ ಅದು ಮಾದರಿಯಾಯಿತು.

ನಮ್ಮ ವಿದ್ಯಾರ್ಥಿಗಳಿಗೆ ಈ ಚರಿತ್ರೆಯನ್ನು ಕ್ಷೇತ್ರಕ್ಕೆ ಹೊರಡುವ ಮೊದಲೇ ಹೇಳುತ್ತೇವೆ. ಇದರಲ್ಲಿ ಎರಡು ಪಾಠಗಳಿವೆ. ಪ್ರಶ್ನೆ ಕೇಳಿದವರು ವೈದ್ಯಶಾಸ್ತ್ರದ ಜ್ಞಾನದ ಜೊತೆಗೆ ಸಮಾಜಶಾಸ್ತ್ರದ ದೃಷ್ಟಿಯನ್ನೂ ತಂದಿದ್ದರೆಂಬುದು ಒಂದು. ನಾಡಿ ನೋಡಬಾರದವರಿಗೂ ಇಲಾಖೆಯಲ್ಲಿ ಕೆಲಸವಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಹಳ್ಳಿಗೆ ಹೋಗುವುದು ಬುದ್ಧಿ ಹೇಳುವುದಕ್ಕಲ್ಲ, ಕೇಳಿ ತಿಳಿಯುವುದಕ್ಕೆ ಎಂಬುದು ಇನ್ನೊಂದು.

6. ನಮೂನೆಯಲ್ಲಿ ಅಂಕಣವಿಲ್ಲದ ಸಂಗತಿ

ನಮೂನೆಗಳಲ್ಲಿ ನಮಗೆ ಗೊತ್ತಿರುವ ರೋಗಗಳಿಗೆ ಮಾತ್ರ ಅಂಕಣವಿರುತ್ತದೆ. ಗೊತ್ತಿಲ್ಲದುದು ಮೊದಲು ಜನರ ಮಾತಿನಲ್ಲಿಯೇ ಕಾಣಿಸಿಕೊಳ್ಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸತ್ತು ಬೀಳುತ್ತಿದ್ದವು. ಅದೇ ಸಮಯದಲ್ಲಿ ಕಾಡಿಗೆ ಹೋಗಿಬರುವ ಜನರಲ್ಲಿ ತೀವ್ರವಾದ ಜ್ವರ ಕಾಣಿಸಿಕೊಂಡಿತು. ಎರಡನ್ನೂ ಒಟ್ಟಿಗೆ ನೋಡಿದುದರಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಕಾಡಿಗೆ ಬಂದರು. ಹಳದಿ ಜ್ವರವು ಏಷ್ಯಕ್ಕೆ ಕಾಲಿಟ್ಟಿತೇ ಎಂಬ ಭೀತಿಯೂ ಮೊದಲು ಹುಟ್ಟಿತ್ತು. ಕಡೆಗೆ ಉಣುಗಿನ ಕಡಿತದಿಂದ ಹರಡುವ ಹೊಸದೊಂದು ವೈರಸ್ಸು ಪತ್ತೆಯಾಯಿತು. ಮಲೆನಾಡಿನ ಜನರು ಇದನ್ನು ಮಂಗನ ಕಾಯಿಲೆ ಎಂದು ಕರೆಯುತ್ತಾರೆ. ಶಾಸ್ತ್ರದ ಹೆಸರಿನಲ್ಲಿ ಕ್ಯಾಸನೂರು ಕಾಡು ಉಳಿದುಕೊಂಡಿದೆ. ಇಂದಿಗೂ ಕಾಡಿನಲ್ಲಿ ಮಂಗ ಸತ್ತಿತೆಂಬ ಸುದ್ದಿಯೇ ಇಲಾಖೆಗೆ ಮೊದಲ ಎಚ್ಚರಿಕೆ. ಆದ್ದರಿಂದ ವಿದ್ಯಾರ್ಥಿಯ ದಿನಚರಿಯಲ್ಲಿ ನಮೂನೆಗೆ ಸೇರದ ಸಂಗತಿಗಳಿಗಾಗಿ ಒಂದು ಪುಟವನ್ನು ನಿತ್ಯವೂ ಬಿಟ್ಟಿರಬೇಕೆಂದು ನಾವು ವಿಧಿಸಿದ್ದೇವೆ. ಬಹುದಿನಗಳು ಆ ಪುಟವು ಬರಿದಾಗಿಯೇ ಇರುತ್ತದೆ. ಅದರಿಂದ ನಷ್ಟವೇನೂ ಇಲ್ಲ.

7. ಶಿಕ್ಷಣವು ವ್ಯರ್ಥವಾಗುವ ಬಗೆ ಮತ್ತು ನಮ್ಮ ನಿಬಂಧನೆಗಳು

ಈ ಪದ್ಧತಿಯಲ್ಲಿ ದೋಷಗಳೂ ಉಂಟೆಂಬುದನ್ನು ಮರೆಮಾಚಬಾರದು. ಕೆಲವೆಡೆ ವಿದ್ಯಾರ್ಥಿಯನ್ನು ಎಂಟು ವಾರಗಳೂ ಅಂಕಿ ತುಂಬುವ ಕೆಲಸದಲ್ಲಿಯೇ ಕೂರಿಸಿದ್ದುಂಟು. ಕೆಲವು ವಿದ್ಯಾರ್ಥಿಗಳು ಇಲಾಖೆಯ ವಾರ್ಷಿಕ ವರದಿಯನ್ನೇ ಬೇರೆ ಮಾತುಗಳಲ್ಲಿ ಬರೆದು ಒಪ್ಪಿಸಿದ್ದುಂಟು. ಇದರಲ್ಲಿ ತಪ್ಪು ಕಛೇರಿಯದು ಮಾತ್ರವಲ್ಲ; ಸ್ಪಷ್ಟವಾದ ಪ್ರಶ್ನೆಯೊಂದನ್ನು ಕೊಡದೆ ವಿದ್ಯಾರ್ಥಿಯನ್ನು ಕಳುಹಿಸಿದ ನಮ್ಮದೂ ಹೌದು. ಕೆಲಸದ ಒತ್ತಡದಲ್ಲಿರುವ ಆರೋಗ್ಯಾಧಿಕಾರಿಗೆ ಪ್ರಶ್ನೆಯಿಲ್ಲದ ವಿದ್ಯಾರ್ಥಿಯು ಒಂದು ಹೊರೆ. ಉತ್ತರ ಬೇಕಾಗಿರುವ ಪ್ರಶ್ನೆಯೊಡನೆ ಬಂದ ವಿದ್ಯಾರ್ಥಿಯು ಒಬ್ಬ ಸಹೋದ್ಯೋಗಿ. ಈ ಅನುಭವದಿಂದ ನಾವು ಕೆಳಗಿನ ನಿಬಂಧನೆಗಳನ್ನು ಮಾಡಿಕೊಂಡಿದ್ದೇವೆ.

ಒಂದನೆಯದಾಗಿ, ಪ್ರಶ್ನೆಯು ಇಲಾಖೆಯಿಂದ ಬರಬೇಕು. ಅದನ್ನು ಎಂಟು ವಾರಗಳಲ್ಲಿ ಮುಗಿಯುವಷ್ಟು ಕಿರಿದುಮಾಡುವುದು ವಿಭಾಗದ ಹೊಣೆ. ‘ತಾಲ್ಲೂಕಿನಲ್ಲಿ ಕ್ಷಯದ ಸ್ಥಿತಿಗತಿ’ ಎಂಬುದು ವಿದ್ಯಾರ್ಥಿಗೆ ತಕ್ಕ ಪ್ರಶ್ನೆಯಲ್ಲ. ‘ಈ ಆರೋಗ್ಯ ಕೇಂದ್ರಕ್ಕೆ ಎರಡು ವಾರಗಳಿಗೆ ಮೀರಿದ ಕೆಮ್ಮಿನಿಂದ ಬಂದವರಲ್ಲಿ ಎಷ್ಟು ಮಂದಿಯ ಕಫಪರೀಕ್ಷೆಯಾಯಿತು?’ ಎಂಬುದು ತಕ್ಕ ಪ್ರಶ್ನೆ.

ಎರಡನೆಯದಾಗಿ, ವಿದ್ಯಾರ್ಥಿಯು ಮೊದಲ ವಾರವನ್ನು ಆರೋಗ್ಯ ಸಹಾಯಕಿಯೊಡನೆಯೂ ಆಶಾ ಕಾರ್ಯಕರ್ತೆಯೊಡನೆಯೂ ಕಳೆಯಬೇಕು. ಗಣಕಯಂತ್ರದ ಮುಂದೆ ಕೂರುವುದು ಅನಂತರ. ಅಂಕಿಯನ್ನು ಬರೆದವರ ಕಷ್ಟವನ್ನು ಕಾಣದವನು ಅಂಕಿಯ ದೋಷವನ್ನೂ ಕಾಣಲಾರನು.

ಮೂರನೆಯದಾಗಿ, ರೋಗಿಯ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆಗಳು ವಿದ್ಯಾರ್ಥಿಯ ಪುಸ್ತಕಕ್ಕೆ ಬರಕೂಡದು. ಕುಷ್ಠ, ಕ್ಷಯ, ಎಚ್‌ಐವಿ ಮೊದಲಾದ ರೋಗಗಳಲ್ಲಿ ಗುಟ್ಟು ರಟ್ಟಾದರೆ ಮನೆಯ ಮದುವೆ ಮುರಿಯಬಹುದು, ಬಾಡಿಗೆಯ ಮನೆ ತಪ್ಪಬಹುದು. ಚಿಕ್ಕ ಹಳ್ಳಿಯಲ್ಲಿ ವಯಸ್ಸನ್ನೂ ಕಸುಬನ್ನೂ ಹೇಳಿದರೆ ಹೆಸರು ಹೇಳಿದಂತೆಯೇ ಆಗುವುದರಿಂದ ಪಟ್ಟಿಗಳನ್ನು ತಯಾರಿಸುವಾಗಲೂ ಎಚ್ಚರವಿರಬೇಕು.

ನಾಲ್ಕನೆಯದಾಗಿ, ವರದಿಯಲ್ಲಿ ಕೊಟ್ಟ ಪ್ರತಿಯೊಂದು ಪ್ರಮಾಣದ ಪಕ್ಕದಲ್ಲಿಯೂ ಎಷ್ಟು ಮಂದಿಯಲ್ಲಿ ಎಂಬುದನ್ನೂ, ಎಷ್ಟು ಮಂದಿ ಸಿಕ್ಕಲಿಲ್ಲವೆಂಬುದನ್ನೂ, ಸಿಕ್ಕದಿರಲು ಕಾರಣವೇನೆಂಬುದನ್ನೂ ಬರೆಯಬೇಕು. ಈ ಮೂರು ಇಲ್ಲದ ವರದಿಯನ್ನು ನಾವು ಸ್ವೀಕರಿಸುವುದಿಲ್ಲ.

ಐದನೆಯದಾಗಿ, ವರದಿಯ ಸಾರಾಂಶವನ್ನು ಒಂದು ಪುಟಕ್ಕೆ ಮೀರದಂತೆ ಕನ್ನಡದಲ್ಲಿ ಬರೆದು ಆ ಉಪಕೇಂದ್ರಕ್ಕೂ, ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೂ ಕೊಟ್ಟು ಓದಿ ಹೇಳಬೇಕು. ಇಂಗ್ಲಿಷಿನಲ್ಲಿ ಬರೆದ ಪ್ರಬಂಧವು ನಮ್ಮ ಪುಸ್ತಕಭಂಡಾರವನ್ನು ಸೇರಿದರೆ ಸಾಲದು. ಯಾರ ಮನೆಯ ತೊಟ್ಟಿಯನ್ನು ನೋಡಿದೆವೋ ಅವರಿಗೆ ಕಂಡುದನ್ನು ತಿಳಿಸುವುದು ಋಣಸಂದಾಯ.

ಆರನೆಯದಾಗಿ, ಓಡಾಟದ ವೆಚ್ಚವನ್ನು ವಿದ್ಯಾರ್ಥಿಯ ಮೇಲೆ ಹೊರಿಸಬಾರದು. ಬಸ್ಸಿನ ಹಣವಿಲ್ಲದವನು ಹೆದ್ದಾರಿಯ ಪಕ್ಕದ ಹಳ್ಳಿಗಳನ್ನೇ ನೋಡಿಬರುತ್ತಾನೆ. ಒಳಗಿನ ಹಳ್ಳಿಗಳು ಮತ್ತೆ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಹಣವಿಲ್ಲದ ವಿದ್ಯಾರ್ಥಿಗೆ ಈ ಶಿಕ್ಷಣವೇ ಎಟುಕದೆ ಹೋಗುವುದು ಇನ್ನೊಂದು ಬಗೆಯ ಬಿಟ್ಟುಹೋಗುವಿಕೆ.

8. ಉಪಸಂಹಾರ

ಮೊದಲು ಎತ್ತಿಕೊಂಡ ಎರಡು ಪ್ರಶ್ನೆಗಳಿಗೆ ಈಗ ಸಂಕ್ಷೇಪವಾಗಿ ಉತ್ತರಿಸಬಹುದು. ವೈದ್ಯನು ತನ್ನ ಮುಂದಿರುವ ರೋಗಿಯನ್ನು ನೋಡುತ್ತಾನೆ. ಮುಂದೆ ಇಲ್ಲದವರನ್ನು ಕುರಿತು ಯೋಚಿಸುವವರೂ ಇಲಾಖೆಗೆ ಬೇಕು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ಅಲ್ಲಿರುವ ಕೆಲಸ ಅದು. ಗಣಕಯಂತ್ರವು ತನಗೆ ಕೊಟ್ಟ ಅಂಕಿಗಳನ್ನು ತಪ್ಪಿಲ್ಲದೆ ಕೂಡುತ್ತದೆ. ಕೊಡದೆ ಬಿಟ್ಟ ಅಂಕಿಗಳಾವುವೆಂಬುದನ್ನು ಅದು ಹೇಳಲಾರದು. ಹಳ್ಳಿಗೆ ಹೋಗಬೇಕಾದ ಕಾರಣ ಇದೇ.

ಎಂಟು ವಾರಗಳಲ್ಲಿ ನಮ್ಮ ವಿದ್ಯಾರ್ಥಿಗಳು ಯಾವ ರೋಗವನ್ನೂ ನಿರ್ಮೂಲ ಮಾಡಲಿಲ್ಲ, ಮಾಡುವರೆಂಬ ನಿರೀಕ್ಷೆಯೂ ನಮಗಿಲ್ಲ. ಆದರೆ ಮೇಲೆ ಹೇಳಿದ ವಿದ್ಯಾರ್ಥಿನಿಯು ಹಿಂತಿರುಗಿ ಬಂದು ತನ್ನ ವರದಿಯನ್ನು ಒಪ್ಪಿಸಿದಾಗ, ಅದರ ಮೊದಲನೆಯ ಪಟ್ಟಿಯಲ್ಲಿ ‘ಇದೆ’, ‘ಇಲ್ಲ’ ಎಂಬ ಎರಡು ಅಂಕಣಗಳ ಪಕ್ಕದಲ್ಲಿ ‘ನೋಡಲಿಲ್ಲ’ ಎಂಬ ಮೂರನೆಯ ಅಂಕಣವಿತ್ತು. ಆ ಅಂಕಣದಲ್ಲಿ ಉಳಿದ ಮನೆಗಳಿಗೆ ಯಾವ ಹೊತ್ತಿನಲ್ಲಿ ಹೋದರೆ ಬಾಗಿಲು ತೆರೆದಿರುತ್ತದೆಂಬುದನ್ನೂ ಅವಳು ಆರೋಗ್ಯ ಸಹಾಯಕಿಯಿಂದ ಕೇಳಿ ಬರೆದಿದ್ದಳು. ಮುಂದಿನ ವರ್ಷ ಅಲ್ಲಿಗೆ ಹೋಗುವ ವಿದ್ಯಾರ್ಥಿಗೆ ಆ ಪಟ್ಟಿಯನ್ನೇ ಕೊಟ್ಟು ಕಳುಹಿಸಬೇಕೆಂದಿದ್ದೇವೆ.